ಗುಂಡುಕಲ್ಲಿಗೆ ಹಾಡಿದ ಜೋಗುಳ

ನಿಜಾಮರ ಕಾಲ, ಮಹಾಯುದ್ಧ ಮುಗಿದು ಒಂದೆರಡು ವರ್ಷವಾಗಿತ್ತು. ಗುಲ್ಬರ್ಗಾದ ಕೋಟೆಯ ಹತ್ತಿರ ನನ್ನ ಹಲ್ಲಿನ ದವಾಖಾನೆ ಇತ್ತು. ನನ್ನನ್ನು ಕಂಡರೆ ಮಕ್ಕಳು ಬಾಯಿ ಮುಚ್ಚಿಕೊಂಡು ಓಡುತ್ತಿದ್ದರು. ಒಂದು ಬೆಳಿಗ್ಗೆ ಕಮಲಾಪುರದ ಶರಣಪ್ಪ ತನ್ನ ಅಕ್ಕ ನಾಗಮ್ಮನನ್ನು ಚಕ್ಕಡಿಯಲ್ಲಿ ಕರೆತಂದ.

ಗಡ್ಡೆಯಾಗಿದ್ದ ಆಕೆಯ ಮೃದು ಅಂಗುಳನ್ನು, ಅಂದರೆ ಅಂಗುಳಿನ ಹಿಂಭಾಗವನ್ನು, ಹೈದರಾಬಾದಿನಲ್ಲಿ ಕತ್ತರಿಸಿ ತೆಗೆದಿದ್ದರು. ಜೀವ ಉಳಿದಿತ್ತು. ಆದರೆ ಕುಡಿದ ನೀರು ಮೂಗಿನಿಂದ ಬರುತ್ತಿತ್ತು, ಮಾತೂ ಮೂಗಿನಲ್ಲೇ ಹೋಗುತ್ತಿತ್ತು.

"ನನಗ ಹೆಣ್ಣು ಹುಟ್ಯಾದ್ರಿ. ಸೋದರತ್ತಿನೇ ಹೆಸರು ಕರೀಬೇಕು. ಅಕ್ಕ ತೊಟ್ಟಿಲ ಕಡಿ ಬರಲ್ಲ ಅಂತಾಳ್ರಿ," ಎಂದ ಶರಣಪ್ಪ. ನಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆ ನೋಡುತ್ತಿದ್ದಳು. ನನಗೆ ಬಹಳ ಸಂಕಟವಾಯಿತು.

ಇದಕ್ಕಿದ್ದ ಉಪಾಯ ಒಂದೇ: ವಲ್ಕನೈಟ್ ಎಂಬ ಗಟ್ಟಿ ರಬ್ಬರಿನ ಪ್ಲೇಟನ್ನು ಹಲ್ಲಿಗೆ ಸಿಕ್ಕಿಸಿ, ಅದರ ಹಿಂದೆ ಅದೇ ರಬ್ಬರಿನ ಒಂದು ಗುಂಡು ಜೋಡಿಸಬೇಕು. ಅದು ಮಾತಾಡುವಾಗ ರಂಧ್ರ ಮುಚ್ಚಬೇಕು, ಉಸಿರಿಗೂ ದಾರಿ ಬಿಡಬೇಕು. ಅಳತೆಗಾಗಿ ಗಟಾಪರ್ಚಾ ಎಂಬ ಮರದ ಅಂಟನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಪ್ಲೇಟಿನ ಹಿಂದೆ ಇಟ್ಟು, ರೋಗಿಯನ್ನು ಮಾತಾಡಿಸುತ್ತೇವೆ; ಗಂಟಲಿನ ಸ್ನಾಯುಗಳೇ ಅದನ್ನು ಒತ್ತಿ ಆಕಾರ ಕೊಡುತ್ತವೆ. ನಾಗಮ್ಮನೋ, ಪರಗಂಡಸಿನ ಮುಂದೆ ತುಟಿ ಬಿಚ್ಚಲಿಲ್ಲ. ಕೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಸುಮ್ಮನಿದ್ದ ಗಂಟಲಿಗೆ ಹೊಂದಿದ ಗುಂಡು, ನೀರು ಕುಡಿದ ಕೂಡಲೇ ಸೋರಿತು.

ಸಾಮಾನು ಕಟ್ಟಿಕೊಂಡು ನಾನೇ ಕಮಲಾಪುರಕ್ಕೆ ಹೋದೆ. ಅವರ ಪಡಸಾಲೆಯಲ್ಲಿ ತೊಟ್ಟಿಲು ಆಗಲೇ ಕಟ್ಟಿದ್ದರು. ಅಂಟು ಬಾಯಲ್ಲಿಟ್ಟು, "ತೊಟ್ಟಿಲಾ ತೂಗಿ ಜೋಗುಳ ಹಾಡವ್ವ," ಎಂದೆ.

"ಖಾಲಿ ತೊಟ್ಟಿಲಾ ತೂಗಬಾರ್ದ್ರಿ ಸಾಹೇಬ್ರ!" ಎಂದು ಅವರ ಮುದಿ ತಾಯಿ ಗದರಿಸಿದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವ ಗುಂಡುಕಲ್ಲನ್ನು ತಂದು, ಕುಲಾವಿ ತೊಡಿಸಿ ಮಲಗಿಸಿದಳು. ನಾನು ಹೊರಗೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತೆ.

ಮೊದಲು ಬರೀ ಹಗ್ಗದ ಕಿರುಗುಟ್ಟುವ ಸದ್ದು. ಆಮೇಲೆ ಹಾಡು, ನಿದ್ದೆಗಣ್ಣಲ್ಲಿ ಹಾಡಿದಂತೆ. ಕೆಮ್ಮಣ್ಣಿನ ತೋಟದಲ್ಲಿ ಬಾಳೆ ಎಲೆಗಳು ಬಿಸಿಲಿಗೆ ತೂಗುತ್ತಿದ್ದವು. ಅವನ್ನೂ ಆಕೆಯೇ ತೂಗುತ್ತಿದ್ದಾಳೆ ಅನಿಸಿತು. ಅಂಟು ಗಟ್ಟಿಯಾದಾಗಲೆಲ್ಲ ಎದ್ದು ಬಿಸಿ ಮಾಡಿಕೊಟ್ಟು ಬಂದು ಕೂರುತ್ತಿದ್ದೆ. ಕಲ್ಲು ಮಲಗಿತ್ತು, ನನಗೂ ಜೊಂಪು. ಹಾಡುತ್ತ ಹಾಡುತ್ತ ದನಿ ಮೂಗು ಬಿಟ್ಟು ಬಾಯಿಗೆ ಇಳಿಯಿತು.

ಗುಲ್ಬರ್ಗಾಕ್ಕೆ ಮರಳಿ, ಆ ಆಕಾರವನ್ನೇ ವಲ್ಕನೈಟಿನಲ್ಲಿ ಮಾಡಿ ಕೊಟ್ಟೆ.

ನಾಮಕರಣಕ್ಕೆ ನನಗೂ ಕರೆ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಸೋದರತ್ತೆಯ ಬೆನ್ನಿಗೆ ಹೆಂಗಸರು ಗುದ್ದುವುದು ರೂಢಿ. ಅದು ನೆನಪಾಗಿದ್ದೇ, "ಮೆಲ್ಲಗ ಹೊಡೀರೆವ್ವಾ, ಪ್ಲೇಟ್ ಬಿದ್ದೀತು!" ಎಂದು ಕೂಗಿದೆ. ಯಾರು ಕೇಳುತ್ತಾರೆ? ದಬದಬ ಗುದ್ದಿದರು.

ಕಿವಿಯಲ್ಲಿ ಹೇಳಬೇಕಾದ ಹೆಸರನ್ನು ನಾಗಮ್ಮ ಕೂಗಿಯೇ ಹೇಳಿದಳು: "ಪಾರ್ವತೀ!" ಅಂಗಳದಲ್ಲಿ ನಿಂತಿದ್ದ ನನಗೂ ಸ್ಪಷ್ಟವಾಗಿ ಕೇಳಿತು. ಶರಣಪ್ಪ ಅತ್ತ. ನಾನೂ ಅತ್ತೆ.

ಅಂದಿನಿಂದ ಇಂಥ ಬಾಯಿಯ ಅಳತೆ ತೆಗೆಯುವ ಮುನ್ನ, ಆ ಬಾಯಿ ಯಾರನ್ನು ಕರೆಯಬೇಕಾಗಿದೆ ಎಂದು ಕೇಳುತ್ತೇನೆ.