ಓಂಕಾರಮೂರ್ತಿಯ ಅಳು

ಕೊಂಡ್ಲಹಳ್ಳಿಯ ಓಂಕಾರಮೂರ್ತಿಗೆ ಭಾಷಣ ಮಾಡಲು ಬರುವುದಿಲ್ಲ. ಜಿಲ್ಲಾ ಪಂಚಾಯಿತಿ ಚುನಾವಣೆಯನ್ನು ಅವನು ಗೆಲ್ಲುವುದೇ ಸಾವಿನ ಮನೆಗಳಲ್ಲಿ. ಯಾವ ಹಟ್ಟಿಯಲ್ಲಿ ಯಾರು ತೀರಿಕೊಂಡರೂ ನೆಂಟರಿಗಿಂತ ಮೊದಲು ಅವನ ಜೀಪು ಬಂದು ನಿಂತಿರುತ್ತದೆ. ಸತ್ತವರ ಹೆಸರನ್ನು ಬಾಗಿಲಲ್ಲೇ ಕೇಳಿಕೊಂಡು ಒಳಗೆ ಹೋಗುತ್ತಾನೆ, ಹೆಣದ ಕಾಲು ಹಿಡಿದು, “ನನ್ನ ಹೆತ್ತವ್ವನೇ ಹೋದಂಗಾತಲ್ಲೋ!” ಎಂದು ಹೆಗಲ ಟವೆಲ್ಲು ನೆನೆಯುವಂತೆ ಅಳುತ್ತಾನೆ; ಸತ್ತದ್ದು ಗಂಡಸಾದರೂ ಮಾತು ಅದೇ. ಕೊನೆಗೆ ಮನೆಯವರೇ ಅವನಿಗೆ ನೀರು ಕುಡಿಸಿ ಸಮಾಧಾನ ಮಾಡಬೇಕು. ಈ ಸಲ ಪ್ರಚಾರದ ನಡುವೆ ಅವನ ಅವ್ವನೇ ತೀರಿಕೊಂಡಳು. ಅವಳ ಕಾಲು ಹಿಡಿದರೆ ಬಾಯಿಗೆ ಮಾತೇ ಬರಲಿಲ್ಲ, ಬರೀ ಬಿಕ್ಕಿದ. ಹೊಲದ ಕೂಲಿಗೆ ಬರುವ ಪಾಲಮ್ಮ ಬೆನ್ನು ಸವರಿ, “ಅಳಬ್ಯಾಡ್ರಿ ಸ್ವಾಮಿ, ನಮ್ಮ ಓಟೆಲ್ಲ ನಿಮಗೇ,” ಎಂದಳು. ಅಭ್ಯಾಸಬಲದಿಂದ ಅವನು ಅವಳಿಗೆ ಕೈ ಮುಗಿದುಬಿಟ್ಟ. ಆಮೇಲೆ ಅವ್ವನ ಮುಖ ನೋಡಲಾಗಲಿಲ್ಲ.