ಹುಲುಗಮ್ಮ ಕಂಡ ಹಿಂದಕ್ಕೆ ಹರಿಯುವ ಹೊಳೆ

ಹೂವಿನಹಡಗಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಹುಲುಗಮ್ಮ ಅಟೆಂಡರ್. ಮನೆ ಮದಲಗಟ್ಟಿಯಲ್ಲಿ, ತುಂಗಭದ್ರೆಯ ದಂಡೆಗೆ. ಗಂಡ ಮೈಲಪ್ಪನಿಗೆ ಲಕ್ವ ಹೊಡೆದು ಏಳು ವರ್ಷ. ಕಚೇರಿಯ ಹೊತ್ತಿನಲ್ಲಿ ನಾದಿನಿ ಜಂಬಕ್ಕ ನೋಡಿಕೊಳ್ಳುತ್ತಾಳೆ. ಉಳಿದಂತೆ ಉಣಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಹುಲುಗಮ್ಮನದೇ. ಭಾನುವಾರ ಎರಡು ತಾಸು ಮಾತ್ರ ಅವಳು ಗಾಳ ಹಿಡಿದು ಹೊಳೆಗೆ ಹೋಗುತ್ತಾಳೆ. ಮೀನು ಸಿಕ್ಕರೆ ಸಾರು, ಸಿಗದಿದ್ದರೂ ಬೇಸರವಿಲ್ಲ.

"ಹೆಣ್ಮಗಳು ಗಾಳ ಹಿಡ್ಕಂಡು ಕುಂದ್ರೂದು ಚೆಂದ ಕಾಣ್ತೈತೇನು?" ಎಂದವರಿಗೆ, "ನೀವು ಅತ್ಲಾಗ ನೋಡ್ರಿ, ಚೆಂದ ಕಾಣ್ತೈತಿ" ಎಂದುಬಿಡುತ್ತಾಳೆ.

ಹೋದ ಡಿಸೆಂಬರಿನಲ್ಲಿ ಕಚೇರಿಯವರು ಹೊನ್ನಾವರಕ್ಕೆ ಪ್ರವಾಸ ಹೊರಟರು. ಒಲ್ಲೆ ಎಂದವಳನ್ನು ಜಂಬಕ್ಕನೇ ಗದರಿಸಿ ಕಳಿಸಿದಳು. ಶರಾವತಿಯಲ್ಲಿ ದೋಣಿ ವಿಹಾರ. ನಡುಹೊಳೆಯ ಮರಳ ದಿಬ್ಬ ಕಂಡದ್ದೇ, ಫೋಟೊ ತೆಗೆಯಲು ಇಳಿಯಬೇಕೆಂದು ಎಲ್ಲರೂ ಹಟ ಹಿಡಿದರು.

"ಹತ್ತೇ ನಿಮಿಷ. ನೀರು ಇಳೀತಾ ಇದೆ" ಎಂದ ದೋಣಿಯವ.

ಹತ್ತು ನಿಮಿಷ ಮುಕ್ಕಾಲು ಗಂಟೆಯಾಯಿತು. ತಿರುಗಿ ನೋಡಿದರೆ ದೋಣಿಯ ಹೊಟ್ಟೆ ಮರಳಿಗೆ ಕೂತಿತ್ತು. ಎಲ್ಲರೂ ಸೇರಿ ನೂಕಿದರೂ ಅಲುಗಲಿಲ್ಲ.

"ಸಮುದ್ರ ಏರಿ ನೀರು ತಿರುಗಿ ಬರೋ ತನಕ ಇಲ್ಲೇ. ನಾಲ್ಕು ತಾಸಾದ್ರೂ ಬೇಕು" ಎಂದ ದೋಣಿಯವ.

ಕಚೇರಿಯ ಮೇಲಧಿಕಾರಿ ಗುರುಸಂಗಪ್ಪನವರ ಮುಖ ಬಿಳಚಿಕೊಂಡಿತು. ಹುಲುಗಮ್ಮ ಮನೆಗೆ ಫೋನು ಹಚ್ಚಿದಳು. "ಜಂಬಕ್ಕಾ, ಬರೂದು ತಡ ಆಗ್ತೈತಿ. ನಿಮ್ಮಣ್ಣಗ ಗಂಜಿ..."

"ನಾನಿಲ್ಲೇನು? ಸುಮ್ನ ಕುಂದ್ರು ಅಲ್ಲೇ!" ಜಂಬಕ್ಕ ಫೋನು ಇಟ್ಟೇಬಿಟ್ಟಳು.

ಹುಲುಗಮ್ಮ ಫೋನು ಚೀಲಕ್ಕೆ ಹಾಕಿದಳು. ನಾಲ್ಕು ತಾಸು ಅವಳನ್ನು ಯಾರೂ ಕರೆಯುವಂತಿರಲಿಲ್ಲ. ದೋಣಿಯವನಿಂದ ಗಾಳದ ದಾರ, ಒಂದು ಹಿಡಿ ಸಿಗಡಿ ಇಸಿದುಕೊಂಡು ನೀರಿನ ಅಂಚಿಗೆ ಹೋಗಿ ಕೂತಳು. ಎರಡು ಕಾಣೆ ಮೀನು ಬಿದ್ದವು.

ದಿಬ್ಬದ ಮೇಲೆ ಶತಪಥ ಹಾಕುತ್ತಿದ್ದ ಗುರುಸಂಗಪ್ಪನವರು ಹತ್ತಿರ ಬಂದರು. "ಹೆದ್ರಿಕಿ ಆಗವಲ್ದೇನು ನಿಂಗ?"

"ಆಗ್ತೈತ್ರಿ. ಕುಂತ್ರ ಕಮ್ಮಿ ಆಗ್ತೈತಿ. ಬರ್ರಿ, ಈ ದಾರ ಹಿಡೀರಿ."

ಮೀನು ಮುಟ್ಟದ ಮನೆತನ ಅವರದು. ಆದರೂ ಹಿಡಿದರು. ಸ್ವಲ್ಪ ಹೊತ್ತಿಗೇ, "ಏ, ಎಳೀತೈತಿ! ಹುಲುಗಮ್ಮಾ, ಎಳೀತೈತಿ!" ಎಂದು ಕೂಗಿಕೊಂಡರು. ಎಲ್ಲರೂ ನಕ್ಕರು, ಅವರೂ ನಕ್ಕರು. ಮೀನನ್ನು ಬಿಡಿಸಿ ಅವಳು ನೀರಿಗೇ ಬಿಟ್ಟಳು.

ಆಮೇಲೆ, ಕಡಲ ಕಡೆ ಓರೆಯಾಗಿದ್ದ ದಾರ ನೆಟ್ಟಗಾಯಿತು. ಮೆಲ್ಲಗೆ ಗುಡ್ಡದ ಕಡೆ ವಾಲಿತು. ಹುಲುಗಮ್ಮ ಎದ್ದು ನಿಂತಳು. "ಹೊಳಿ ಹಿಂದಕ್ಕ ಹೊಂಟೈತಿ!"

ಮೂರೂವರೆಗೆ ದೋಣಿ ತೇಲಿತು. ಎಲ್ಲರೂ ಓಡಿ ಹತ್ತಿದರು. ಅವಳು ಕೊನೆಗೆ ಬಂದಳು.

ಮರುದಿನ ಗಂಜಿ ಕುಡಿಸುತ್ತಾ ಗಂಡನಿಗೆ ಎಲ್ಲ ಹೇಳಿದಳು. ಹುಟ್ಟಿದಾಗಿನಿಂದ ಒಂದೇ ಕಡೆ ಹರಿಯುವ ತುಂಗಭದ್ರೆಯನ್ನು ನೋಡಿದವನು ಮೈಲಪ್ಪ. ಸೊಟ್ಟ ಬಾಯಿಯನ್ನು ಕಷ್ಟಪಟ್ಟು ತಿರುಗಿಸಿ, "ಸು...ಳ್ಳು" ಎಂದ.

ಈ ಏಳು ವರ್ಷದಲ್ಲಿ ಅವನು ಅವಳ ಮಾತಿಗೆ ಎದುರಾಡಿದ್ದೇ ಇಲ್ಲ. ಹುಲುಗಮ್ಮ ಬಟ್ಟಲು ಕೆಳಗಿಟ್ಟು, ಸೆರಗು ಬಿಗಿದುಕೊಂಡು ಅವನೆದುರು ಕೂತಳು.

"ಸುಳ್ಳಂತಿ? ನನ್ನ ಕಣ್ಣಾರೆ ನೋಡೀನಿ. ಕೇಳಿಲ್ಲಿ!"