ಇಪ್ಪತ್ತು ಎಂದು ಬರೆದ ಕೈ

ನಮ್ಮ ವಾರ್ಡಿನಲ್ಲಿ ಆ ಹುಡುಗಿಯ ಬಗ್ಗೆ ಈಗ ಬಾಯಿಗೊಂದು ಮಾತು. ಒಬ್ಬಳು ಕೊಬ್ಬು ಅನ್ನುತ್ತಾಳೆ, ಇನ್ನೊಬ್ಬಳು ಗ್ರಹಚಾರ ಅನ್ನುತ್ತಾಳೆ. ಗ್ರಹಚಾರವೂ ಇಲ್ಲ, ಮಣ್ಣೂ ಇಲ್ಲ. ಆಕೆ ನರ್ಸ್ ಆಗದೆ ಹೋದದ್ದು ಹೇಗೆಂದು ಸರಿಯಾಗಿ ಗೊತ್ತಿರುವವಳು ನಾನೊಬ್ಬಳೇ. ಮೂವತ್ತೆಂಟು ಹಾಸಿಗೆಯ ಈ ವಾರ್ಡಿಗೆ ಹದಿನಾಲ್ಕು ವರ್ಷದಿಂದ ನಾನೇ ಇನ್‌ಚಾರ್ಜ್ ಸಿಸ್ಟರ್.

ಅವಳ ಅಮ್ಮ ಇದೇ ಆಸ್ಪತ್ರೆಯ ಕೆಳಮಹಡಿಯ ಹೆರಿಗೆ ವಾರ್ಡಿನಲ್ಲಿ ಆಯಾ. ನೆಲ ಒರೆಸಿ ಒರೆಸಿ ಮಂಡಿ ಸವೆದ ಹೆಂಗಸು. ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಒಬ್ಬಳೇ ಬೆಳೆಸಿ ನರ್ಸಿಂಗ್ ಕಾಲೇಜಿಗೆ ಸೇರಿಸಿದಳು. ತಾನು ಒರೆಸಿದ ನೆಲದ ಮೇಲೆ ಮಗಳು ಬಿಳಿ ಬೂಟು ಹಾಕಿಕೊಂಡು ಓಡಾಡಬೇಕು, ಅದೊಂದೇ ಆಸೆ. ಕೊನೆಯ ವರ್ಷದಲ್ಲಿ ಕಾಲೇಜಿನವರು ಇಬ್ಬರನ್ನು ಆರಿಸಿ ಐದು ವಾರಕ್ಕೆ ಹೊರದೇಶದ ಆಸ್ಪತ್ರೆಯೊಂದಕ್ಕೆ ಕಲಿಯಲು ಕಳಿಸಿದರು. ಅವರಲ್ಲಿ ಇವಳೂ ಒಬ್ಬಳು. ಆಯಾ ಮಹಡಿ ಮಹಡಿ ಹತ್ತಿ ಎಲ್ಲರಿಗೂ ಹೇಳಿ ಬಂದಳು. ಲಿಫ್ಟಿನವನಿಗೆ ಎರಡು ಸಲ ಹೇಳಿದಳು.

ಅಲ್ಲಿ ಏನು ಕಲಿತಳೆಂದು ಅವಳೇ ಬಂದು ಹೇಳಿದ್ದು. ಐದು ವಾರಕ್ಕೆ ಬಂದವರ ಕೈಗೆ ಯಾರು ಸೂಜಿ ಕೊಡುತ್ತಾರೆ? ಔಷಧಿ ಮುಟ್ಟುವ ಹಾಗಿಲ್ಲ, ಗಾಯದ ಕಟ್ಟು ಬಿಚ್ಚುವ ಹಾಗಿಲ್ಲ, ಗೋಡೆಗೆ ಬೆನ್ನು ಕೊಟ್ಟು ನೋಡಬೇಕು. ಅವರ ಪಾಲಿಗೆ ಬಿಟ್ಟ ಕೆಲಸ ಒಂದೇ, ರೋಗಿಯ ಉಸಿರು ಎಣಿಸುವುದು. ನಾಡಿ ನೋಡುವವರ ಹಾಗೆ ಮಣಿಕಟ್ಟು ಹಿಡಿದುಕೊಂಡು, ಕಣ್ಣು ಎದೆಯ ಮೇಲಿಟ್ಟು, ಪೂರ್ತಿ ಒಂದು ನಿಮಿಷ. ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿಯ ಉಸಿರೇ ಬದಲಾಗುತ್ತದಂತೆ. ಬರೆದ ಅಂಕಿಗೆ ಬರೆದವಳೇ ಜವಾಬ್ದಾರಿ, ಇನ್ಯಾರೂ ಅಲ್ಲ ಎಂದು ಅಲ್ಲಿನ ಹಿರಿಯ ಸಿಸ್ಟರ್ ಮೊದಲ ದಿನವೇ ಹೇಳಿದ್ದರಂತೆ.

ನಮ್ಮ ಸಂಗತಿ ಬೇರೆ. ಜ್ವರ ಅಳೆಯುತ್ತೇವೆ, ಬಿಪಿ ನೋಡುತ್ತೇವೆ, ನಾಡಿ ಹಿಡಿಯುತ್ತೇವೆ. ಉಸಿರಿನ ಕಾಲಮ್ಮಿಗೆ ಬಂದಾಗ ಎಣಿಸದೆಯೇ, ಸರಿಯಿರುವವರ ಲೆಕ್ಕದಲ್ಲಿ, ಇಪ್ಪತ್ತು ಎಂದು ಬರೆಯುತ್ತೇವೆ. ಕೂತಲ್ಲೇ, ಮೂವತ್ತೆಂಟು ಹಾಸಿಗೆಗೂ ಇಪ್ಪತ್ತು. ನನಗೆ ಕಲಿಸಿದವರೂ ಹಾಗೇ ಬರೆದರು, ನಾನೂ ಹಾಗೇ ಕಲಿಸಿದೆ. ಇರುವ ಎರಡು ಕೈಯಲ್ಲಿ ಮೂವತ್ತೆಂಟು ನಿಮಿಷ ಯಾವ ಸೀಮೆಯಿಂದ ತರುವುದು?

ಹಿಂತಿರುಗಿದ ಮೇಲೆ ಅವಳನ್ನು ನನ್ನ ವಾರ್ಡಿಗೆ ಹಾಕಿದರು. ವಾರ್ಡಿನ ಕೆಲಸ ದಾಖಲಿಸುವ ಅವಳ ಪುಸ್ತಕಕ್ಕೆ ನಾನು ಸಹಿ ಹಾಕಿದರೆ ಕೋರ್ಸ್ ಮುಗಿದು ನರ್ಸ್, ಹಾಕದಿದ್ದರೆ ಇಲ್ಲ. ಬಂದ ದಿನದಿಂದಲೇ ಪ್ರತಿ ಹಾಸಿಗೆಯ ಬಳಿ ನಿಂತು ಎಣಿಸಲು ಶುರುಮಾಡಿದಳು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅಂದುಕೊಂಡು ಸುಮ್ಮನಿದ್ದೆ. ವಾರವಾದರೂ ನಿಲ್ಲಲಿಲ್ಲ. ಅತ್ತ ಡ್ರೆಸ್ಸಿಂಗ್ ಟ್ರಾಲಿ ಕಾಯುತ್ತಿದೆ, ಇತ್ತ ಇವಳು ಯಾರದೋ ಕೈ ಹಿಡಿದು ನಿಂತಿದ್ದಾಳೆ. ಮೈಯೆಲ್ಲ ಉರಿಯುತ್ತಿತ್ತು ನನಗೆ. ಫಾರಿನ್ ಸಿಸ್ಟರ್ ಎಂದು ಹೆಸರಿಟ್ಟವಳು ನಾನೇ. ಸಮುದ್ರ ದಾಟಿ ಹೋಗಿ ಉಸಿರಾಡುವುದನ್ನು ಕಲಿತು ಬಂದಿದ್ದಾಳೆ ಎಂದು ರೋಗಿಗಳ ಮುಂದೆಯೇ ಆಡಿಕೊಂಡೆ. ಅವಳೂ ನಕ್ಕಳು. ಎಣಿಸುವುದನ್ನು ಮಾತ್ರ ಬಿಡಲಿಲ್ಲ.

ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬರು ಟೈಲರಮ್ಮ ಇದ್ದರು. ಪಿತ್ತಕೋಶದ ಆಪರೇಷನ್ ಆಗಿ ಮೂರನೇ ದಿನ. ಜ್ವರವಿಲ್ಲ, ಬಿಪಿ ಸರಿಯಿದೆ. ನನ್ನ ಯೂನಿಫಾರಂ ನೋಡಿ, ಇದನ್ನು ಹೊಲಿದವನ ಕೈಗೆ ಮೊದಲು ಬ್ಯಾಂಡೇಜ್ ಸುತ್ತಿ ಎಂದು ಬೆಳಿಗ್ಗೆಯಷ್ಟೇ ತಮಾಷೆ ಮಾಡಿದ್ದರು. ಮಧ್ಯಾಹ್ನ ಎರಡು ಗಂಟೆಗೆ ಹುಡುಗಿ ನನ್ನ ಮೇಜಿನ ಬಳಿ ಬಂದು ನಿಂತಳು.

"ಮೇಡಂ, ಹನ್ನೊಂದನೇ ಬೆಡ್ಡಿನವರಿಗೆ ಉಸಿರು ಮೂವತ್ತೆರಡು ಬರ್ತಿದೆ. ಎರಡು ಸಲ ಎಣಿಸಿದೆ. ಡಾಕ್ಟರಿಗೆ ಹೇಳೋಣ್ವಾ?"

ಚಾರ್ಟ್ ನೋಡಿದೆ. ಬೆಳಿಗ್ಗೆ ಆರಕ್ಕೆ ಇಪ್ಪತ್ತು, ಹತ್ತಕ್ಕೆ ಇಪ್ಪತ್ತು. ಹತ್ತರದ್ದು ನನ್ನ ಕೈಬರಹ. ಈಗ ಮೂವತ್ತೆರಡು ಎಂದರೆ ಡಾಕ್ಟರ್ ಮೊದಲು ಕೇಳುವುದೇ ಆ ಹತ್ತು ಗಂಟೆಯದನ್ನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಗತಿ ನನ್ನದು. ನೋವಿಗೆ ಹಾಗಾಗುತ್ತೆ, ಮಾತ್ರೆ ಕೊಡು ಹೋಗು ಎಂದೆ. ಅವಳು ಕದಲಲಿಲ್ಲ. ಒಂದು ಸಲ ನೀವೇ ಬಂದು ನೋಡಿ ಅಂದಳು. ಹತ್ತು ಹೆಜ್ಜೆ ದೂರ. ನಾನು ಏಳಲಿಲ್ಲ.

"ಇಪ್ಪತ್ತು ಅಂತ ಬರಿ. ನಿನಗೆ ನನ್ನ ಸಹಿ ಬೇಕೋ ಬೇಡ್ವೋ?"

ಹುಡುಗಿ ಚಾರ್ಟನ್ನು ತನ್ನ ಕಡೆ ಎಳೆದುಕೊಂಡಳು. ಇಪ್ಪತ್ತು ಎಂದು ಬರೆದಳು.

ಮಾರನೇ ದಿನ ಬೆಳಿಗ್ಗೆ ಮುಖ ತೊಳೆಯಲು ಎದ್ದ ಟೈಲರಮ್ಮ ವಾಶ್‌ಬೇಸಿನ್ ಹತ್ತಿರ ಕುಸಿದರು. ಮತ್ತೆ ಏಳಲಿಲ್ಲ. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿತ್ತು. ಹಿಂದಿನ ದಿನವೇ ಗೊತ್ತಾಗಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರ್.

ವಿಚಾರಣೆ ಸೂಪರಿಂಟೆಂಡೆಂಟರ ಕೋಣೆಯಲ್ಲಿ ನಡೆಯಿತು. ಮಧ್ಯಾಹ್ನದ ಇಪ್ಪತ್ತು ಯಾರು ಬರೆದದ್ದು ಎಂದು ಕೇಳಿದರು. ಹುಡುಗಿ ಎದ್ದು ನಿಂತು, ಎಣಿಸಿದ್ದು ಮೂವತ್ತೆರಡು, ಬರೆದದ್ದು ಇಪ್ಪತ್ತು, ಬರೆದ ಕೈ ನನ್ನದೇ ಎಂದಳು. ಯಾಕೆ ಎಂದಿದ್ದಕ್ಕೆ ಉತ್ತರ ಕೊಡಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೇ ಬಾಯಿಬಿಟ್ಟು ಹೇಳಲಿ ಎಂದು ಕಾಯುತ್ತಿದ್ದಳು, ಅದು ನನಗೆ ಆಗಲೇ ಗೊತ್ತಾಯಿತು. ಸೂಪರಿಂಟೆಂಡೆಂಟ್ ನನ್ನನ್ನು ಕೇಳಿದರು, ನಿಮಗೇನಾದರೂ ಹೇಳಿದ್ದಳೇ ಎಂದು. ಇಲ್ಲ ಸರ್ ಎಂದೆ. ಥೂ, ನನ್ನ ಜನ್ಮಕ್ಕಿಷ್ಟು. ಎಷ್ಟು ಸಲೀಸಾಗಿ ಬಂತು ಆ ಮಾತು.

ಕಾಲೇಜಿನಿಂದ ಅವಳ ಹೆಸರು ತೆಗೆದರು. ಈಗ ಬಸ್ ನಿಲ್ದಾಣದ ಎದುರಿನ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಕೆದರಿ ಹೋದದ್ದನ್ನು ಮಡಿಸಿ ಇಡುತ್ತಾಳೆ. ಒಮ್ಮೆ ರಸ್ತೆಯ ಈಚೆ ಬದಿಯಿಂದ ನೋಡಿದೆ. ದಾಟುವ ಧೈರ್ಯ ಬರಲಿಲ್ಲ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದೆ. ವಾರ್ಡಿನಲ್ಲಿ ಈಗ ನಾನು ಎಣಿಸುತ್ತೇನೆ. ಉಳಿದವರು ನನ್ನೆದುರು ಎಣಿಸಿದ ಹಾಗೆ ಮಾಡುತ್ತಾರೆ.

ಹೋದ ತಿಂಗಳು ಅವಳ ಅಮ್ಮನನ್ನು ಮೇಲಿನ ಮಹಡಿಗೆ, ನನ್ನ ವಾರ್ಡಿಗೇ ಹಾಕಿದರು. ಮೊದಲ ದಿನ ಬಕೆಟ್ಟು ಕೆಳಗಿಟ್ಟು, ಒದ್ದೆ ಕೈ ಒರೆಸಿಕೊಂಡು ನನ್ನ ಮೇಜಿನ ಮುಂದೆ ನಿಂತಳು. ಮಗಳಿಂದ ನಿಮ್ಮ ವಾರ್ಡಿಗೆ ಕೆಟ್ಟ ಹೆಸರು ಬಂತು, ಹೊಟ್ಟೆಗೆ ಹಾಕಿಕೊಳ್ಳಿ ಎಂದಳು. ಮನೆಯಲ್ಲಿ ಎಷ್ಟು ಕೇಳಿದರೂ ಅವಳು ಬಾಯಿ ಬಿಡುವುದಿಲ್ಲವಂತೆ. ತಪ್ಪು ನನ್ನದು ಅಂತಷ್ಟೇ ಅನ್ನುತ್ತಾಳಂತೆ.

"ಅವಳು ಒಂದು ಮಾತು ನಿಮ್ಮ ಕಿವಿಗೆ ಹಾಕಿದ್ದಿದ್ರೆ ಆ ಟೈಲರಮ್ಮ ಉಳೀತಿದ್ರು, ಅಲ್ವಾ ಮೇಡಂ?"

ಹೂಂ, ಉಳಿಯುತ್ತಿದ್ದರು ಎಂದೆ.